ಓವರ್ಸಿಯರ್ ಉತ್ತರ: ಕೆಡ್ಡಸದ ಮೊದಲು ಮುಗಿಸಿ

ತುಲಾ ತಿಂಗಳ ಮಳೆ ಬಿಟ್ಟ ಮೇಲೆ ನನಗೆ ಪತ್ರ ಜಾಸ್ತಿ. ಮಣ್ಣು ನಿಜವಾಗಿ ಕೊಚ್ಚಿ ಹೋಗುವ ಜುಲೈಯಲ್ಲಿ ಒಬ್ಬರೂ ಬರೆಯುವುದಿಲ್ಲ. ಆಗ ಎಲ್ಲರಿಗೂ ಕೊಳೆರೋಗಕ್ಕೆ ಮದ್ದು ಬಿಡುವ ತಲೆಬಿಸಿ. ಅಡಿಕೆ ಅಂಗಳಕ್ಕೆ ಬಿದ್ದ ಮೇಲೆಯೇ ಗುಡ್ಡೆ ಕಡೆ ತಿರುಗಿ ನೋಡಲು ಪುರುಸೊತ್ತು. ಇರಲಿ, ನೋಡಿದ್ದೇ ದೊಡ್ಡದು. ಮಣ್ಣು ಸಂರಕ್ಷಣೆಯ ಕೆಲಸದಲ್ಲಿ ಪೈಪು ಹಿಡಿದು ಗುಡ್ಡೆ ಹತ್ತಿ ಇಳಿದೇ ನಾನು ನಿವೃತ್ತನಾದದ್ದು. ಕೇರಳದ ಕಾಸರಗೋಡಿನ ನಮ್ಮ ಊರಿನಲ್ಲಿ ಈಗಲೂ ಹೆಸರು ಹಿಡಿದು ಕರೆಯುವವರಿಲ್ಲ, ಓವರ್ಸಿಯರ್ ಅಂತಲೇ. ಗೊತ್ತಿದ್ದಷ್ಟು ಹೇಳುತ್ತೇನೆ, ಗುಡ್ಡೆಯ ಮಣ್ಣಿನ ಕೆಲಸ ಫೆಬ್ರವರಿಯ ಕೆಡ್ಡಸ ಹಬ್ಬದ ಮೊದಲು ಮುಗಿಯಲಿ.

ಪ್ರಶ್ನೆ: ನಮ್ಮದು ಒಂದೂವರೆ ಎಕರೆ ಗುಡ್ಡೆ ಜಾಗ. ಗೇರುಮರ ತೆಗೆದು ಅಡಿಕೆ ಸಸಿ ನೆಟ್ಟಿದ್ದೇವೆ. ಕಳೆದ ವರ್ಷ ಜೆಸಿಬಿಯಲ್ಲಿ ನೀರು ಇಂಗಲಿ ಅಂತ ಅಡ್ಡಕ್ಕೆ ಮೂರು ಉದ್ದ ಕಣಿ (ಕಂದಕ) ತೆಗೆಸಿದೆವು. ಜುಲೈಯಲ್ಲಿ ಮೂರೂ ಕಣಿ ಒಂದೇ ಬದಿಯಲ್ಲಿ ಒಡೆದು ಸಸಿ ಸಮೇತ ಮಣ್ಣು ತೋಡಿಗೆ (ಹಳ್ಳಕ್ಕೆ) ಹೋಯಿತು. ಕಣಿ ತೆಗೆದದ್ದೇ ತಪ್ಪಾ?
– ಕೃಷಿಕರು, ಪೆರ್ಲ

ಕಣಿ ತಪ್ಪಲ್ಲ, ಕಣ್ಣಳತೆ ತಪ್ಪು. ಗುಡ್ಡೆಯಲ್ಲಿ ನಿಂತಾಗ ಕಣ್ಣು ಮೋಸ ಮಾಡುತ್ತದೆ. ನಿಮಗೆ ಸಮ ಅಂತ ಕಂಡ ಗೆರೆ ಒಂದು ತುದಿಯಲ್ಲಿ ಒಂದಡಿ ತಗ್ಗಿರುತ್ತದೆ. ಕಣಿ ಉದ್ದವಾದಷ್ಟೂ ಅದರ ಇಡೀ ನೀರು ಆ ತಗ್ಗಿನ ತುದಿಗೇ ಬಂದು ಒತ್ತುತ್ತದೆ. ನೀವು ಕಣಿ ತೆಗೆಸಿದ್ದಲ್ಲ, ಗುಡ್ಡೆಯ ನೀರನ್ನೆಲ್ಲ ಒಟ್ಟು ಮಾಡಿ ಒಂದೇ ಕಡೆಗೆ ಬಿಡುವ ಚರಂಡಿ ತೆಗೆಸಿದ್ದು. ಮೂರೂ ಒಂದೇ ಬದಿಯಲ್ಲಿ ಒಡೆದವು ಅಂತ ನೀವೇ ಬರೆದಿದ್ದೀರಲ್ಲ, ಅದೇ ಸಾಕ್ಷಿ.

ಈ ಸಲ ಯಂತ್ರ ಬರುವ ಮೊದಲು ನೀವೇ ಗೆರೆ ಎಳೆಯಿರಿ. ಬೇಕಾದದ್ದು ಹತ್ತು ಮೀಟರ್ ಪಾರದರ್ಶಕ ಪೈಪು, ಐದಡಿಯ ಎರಡು ಕೋಲು, ಜೊತೆಗೆ ಒಬ್ಬ ಜನ. ಎರಡೂ ಕೋಲಿಗೆ ಬುಡದಿಂದ ಅಳೆದು ಒಂದೇ ಎತ್ತರದಲ್ಲಿ ಗುರುತು ಹಾಕಿ. ಪೈಪಿನ ಎರಡು ತುದಿಯನ್ನು ಕೋಲುಗಳಿಗೆ ಕಟ್ಟಿ ನೀರು ತುಂಬಿಸಿ. ಒಬ್ಬರು ಒಂದು ಕೋಲು ಹಿಡಿದು ನಿಲ್ಲಲಿ. ಇನ್ನೊಬ್ಬರು ಅಡ್ಡಕ್ಕೆ ನಡೆದು ಹೋಗಿ, ಎರಡೂ ಕಡೆ ನೀರು ಗುರುತಿಗೆ ಬರುವ ತನಕ ಕೋಲನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಸಲಿ. ನೀರು ಗುರುತಿಗೆ ಬಂದ ಜಾಗ ಸಮ. ಅಲ್ಲಿ ಒಂದು ಗೂಟ. ಗೂಟಕ್ಕೆ ಕಮ್ಯುನಿಸ್ಟ್ ಸೊಪ್ಪು ಎಂಬ ಕಳೆಗಿಡದ ದಂಟು ಧಾರಾಳ ಸಾಕು, ಗುಡ್ಡೆ ತುಂಬ ಅದೇ ಇದೆ ಅಲ್ವಾ.

ಒಂದು ಎಚ್ಚರಿಕೆ. ಪೈಪಿನೊಳಗೆ ಎಲ್ಲಾದರೂ ಒಂದು ಗಾಳಿಗುಳ್ಳೆ ಉಳಿದರೆ ಇಡೀ ದಿನದ ಕೆಲಸ ಸುಳ್ಳು. ನೀರು ತುಂಬಿಸಿದ ಮೇಲೆ ಎರಡೂ ತುದಿ ಒಟ್ಟಿಗೆ ಹಿಡಿದು ನೋಡಿ, ನೀರು ಒಂದೇ ಮಟ್ಟದಲ್ಲಿ ನಿಲ್ಲಬೇಕು. ನಾನು ನೀರಿಗೆ ಒಂದು ಚಿಟಿಕೆ ಅರಶಿನ ಹುಡಿ ಹಾಕುತ್ತಿದ್ದೆ, ಬಿಸಿಲಿಗೆ ಮಟ್ಟ ಚೆನ್ನಾಗಿ ಕಾಣಲಿ ಅಂತ. ಪೂಜೆಗೆ ಹೊರಟಿದ್ದೀರಾ ಅಂತ ಕೆಲಸದವರು ತಮಾಷೆ ಮಾಡುತ್ತಿದ್ದರು.

ಗೆರೆ ಸಿಕ್ಕಿದ ಮೇಲೂ ಉದ್ದ ಕಣಿ ಬೇಡ. ಎರಡು ಮೀಟರ್ ಉದ್ದ, ಎರಡಡಿ ಅಗಲ, ಒಂದೂಮುಕ್ಕಾಲು ಅಡಿ ಆಳದ ತುಂಡು ಕಣಿಗಳು ಸಾಕು. ಒಂದರಲ್ಲಿ ಸುಮಾರು 600 ಲೀಟರ್ ನಿಲ್ಲುತ್ತದೆ. ಎರಡು ಕಣಿ ನಡುವೆ ಅಷ್ಟೇ ಜಾಗ ಬಿಡಿ. ಕೆಳಗಿನ ಸಾಲಿನ ಕಣಿ ಮೇಲಿನ ಸಾಲಿನ ಖಾಲಿ ಜಾಗಕ್ಕೆ ಎದುರಾಗಿ ಬರಲಿ. ಒಂದು ತುಂಬಿ ಹರಿದರೂ ಕೆಳಗಿನದು ಹಿಡಿಯುತ್ತದೆ, ಒಂದು ಒಡೆದರೂ ಎಲ್ಲವೂ ಒಡೆಯುವುದಿಲ್ಲ. ತೆಗೆದ ಮಣ್ಣನ್ನು ಕೆಳಬದಿಗೇ ಏರಿಯಾಗಿ ಹಾಕಿ, ಮೆಟ್ಟಿ ಗಟ್ಟಿ ಮಾಡಿ, ಅದರ ಮೇಲೆ ಲಾವಂಚ ಅಥವಾ ಅನಾನಸು ನೆಡಿ. ಕೆಲಸ ಗುಡ್ಡೆಯ ತಲೆಯಿಂದ ಶುರುವಾಗಲಿ. ಕೆಳಗಿನಿಂದ ಶುರು ಮಾಡಿ ಅರ್ಧದಲ್ಲಿ ದುಡ್ಡು ಮುಗಿದವರನ್ನು ಸುಮಾರು ಕಂಡಿದ್ದೇನೆ.

ತೆಂಗಿನ ಸಿಪ್ಪೆ ಇದ್ದರೆ ಒಲೆಗೆ ಹಾಕಬೇಡಿ. ಕಣಿಯಲ್ಲಿ ಒಳಬದಿ ಮೇಲೆ ಬರುವಂತೆ ಸಾಲಾಗಿ ಜೋಡಿಸಿ, ಮೇಲಿನ ಪದರ ಮಾತ್ರ ಕವುಚಿ ಹಾಕಿ. ಸಿಪ್ಪೆ ತನ್ನ ತೂಕದ ಮೂರು ನಾಲ್ಕು ಪಟ್ಟು ನೀರು ಕುಡಿದು ಇಟ್ಟುಕೊಳ್ಳುತ್ತದೆ. ಐದಾರು ವರ್ಷಕ್ಕೆ ತೊಂದರೆ ಇಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಒಂದು ಎಕರೆಯಿಂದ ಬರೀ ಒಂದು ಮಿಲಿಮೀಟರ್ ಮಣ್ಣು ಹೋದರೆ ನಾಲ್ಕು ಘನ ಮೀಟರ್ ಆಯಿತು, ತೂಕದಲ್ಲಿ ಐದು ಟನ್. ಒಂದು ಟಿಪ್ಪರ್ ಹಿಡಿಯುವಷ್ಟು. ಕಣ್ಣಿಗೆ ಕಾಣುವುದಿಲ್ಲ. ಟಿಪ್ಪರಿನವನು ರಾತ್ರಿ ಬಂದು ಅಷ್ಟು ಮಣ್ಣು ಕೊಂಡುಹೋದರೆ ನಾವು ಪೊಲೀಸರಿಗೆ ಹೇಳುತ್ತಿದ್ದೆವು.

ಪ್ರಶ್ನೆ: ಮನೆ ಹಿಂದೆ ಹದಿನೈದಡಿ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಇದೆ. ಬಾವಿ ಮಾರ್ಚಿಗೇ ಬತ್ತುತ್ತದೆ. ಬರೆಯ ಮೇಲೆ ಇಂಗುಗುಂಡಿ ಮಾಡಿದರೆ ಬಾವಿಗೆ ನೀರು ಬರುತ್ತದೆ ಎಂದು ಮಾವನವರು ಹೇಳುತ್ತಾರೆ. ಮಾಡಿಸಲೇ?
– ಗೃಹಿಣಿ, ಬದಿಯಡ್ಕ

ಬೇಡ ಅಮ್ಮ. ಮಾವನವರಿಗೆ ನನ್ನ ಹೆಸರು ಹೇಳಿ.

ಇದೇ ತಪ್ಪನ್ನು ನಾನು ಮಾಡಿದ್ದೇನೆ, ಅದೂ ನನ್ನದೇ ಮನೆಯಲ್ಲಿ. ಕೊಟ್ಟಿಗೆ ಹಿಂದಿನ ಬರೆಯ ಮೇಲೆ ಎರಡು ಗುಂಡಿ ತೆಗೆಸಿದ್ದೆ. ಊರಿಗೆಲ್ಲ ಪಾಠ ಹೇಳುವವನು, ನನ್ನ ಮನೆಯಲ್ಲಿ ಗುಂಡಿ ಇಲ್ಲದಿದ್ದರೆ ಹೇಗೆ ಎಂಬ ಹೆಮ್ಮೆ ಬೇರೆ. ಎರಡು ಮಳೆಗಾಲ ಏನೂ ಆಗಲಿಲ್ಲ. ಮೂರನೇ ವರ್ಷದ ಆಟಿ ತಿಂಗಳಲ್ಲಿ ಒಂದು ಬೆಳಗ್ಗೆ ಹಾಲು ಕರೆಯಲು ಹೋದ ಹೆಂಡತಿ ತಿರುಗಿ ಬಂದು, ಬರೆಯ ಬುಡದಲ್ಲಿ ಕೆಸರು ನೀರು ಬರುತ್ತಿದೆ, ಬಿಳಿ ಬಿಳಿ ಇದೆ ಎಂದಳು. ದನಗಳನ್ನು ಬಿಚ್ಚಿ ಅಂಗಳಕ್ಕೆ ತಂದು ಕಟ್ಟಿದೆವು. ಮಧ್ಯಾಹ್ನದೊಳಗೆ ಬರೆ ಜರಿಯಿತು. ಕೊಟ್ಟಿಗೆಯ ಹಿಂದಿನ ಗೋಡೆ ಹೋಯಿತು, ದನ ಉಳಿದವು. ಹೆಂಡತಿ ಈಗಲೂ ಮನೆಗೆ ಬಂದವರಿಗೆ ಆ ಗೋಡೆ ತೋರಿಸುತ್ತಾಳೆ.

ಆದದ್ದು ಇಷ್ಟು. ನಮ್ಮ ಗುಡ್ಡೆಗಳಲ್ಲಿ ಮೇಲೆ ಗಟ್ಟಿ ಮುರ (ಕೆಂಪುಕಲ್ಲು) ಇರುತ್ತದೆ, ಅದರ ಅಡಿಯಲ್ಲಿ ಮೆತ್ತಗಿನ ಶೇಡಿ ಮಣ್ಣು. ಮುರದ ತೂತುಗಳಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಶೇಡಿಗೆ ಬಂದು ನಿಲ್ಲುತ್ತದೆ. ಶೇಡಿ ನೀರು ಕುಡಿದರೆ ಸೋಪಿನ ಹಾಗೆ, ಹಿಡಿತವೇ ಇಲ್ಲ. ಮೇಲಿನ ಭಾರ ಜಾರುತ್ತದೆ. ನಾನು ಕಂಡ ಬಿಳಿ ಕೆಸರು ಅದೇ. 2024ರ ಜುಲೈ 30ರಂದು ವಯನಾಡಿನಲ್ಲಿ ಜರಿದದ್ದು ಬೇರೆಯೇ ದೊಡ್ಡ ಬೆಟ್ಟ, ಅದಕ್ಕೂ ಇಂಗುಗುಂಡಿಗೂ ಸಂಬಂಧ ಕಟ್ಟುವುದಿಲ್ಲ. ಆದರೂ ಆ ಚಿತ್ರ ನೋಡಿದ ಮೇಲೆ ಬರೆಯ ವಿಷಯದಲ್ಲಿ ನಾನು ಪುಕ್ಕಲನೇ.

ಬರೆಯ ಬುಡದಲ್ಲಿ ಹೊಸದಾಗಿ ಕೆಸರು ನೀರು ಬಂದರೆ, ಮೇಲೆ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ ಯಾರನ್ನೂ ಕೇಳುತ್ತಾ ಕೂರಬೇಡಿ. ಮನೆ ಬಿಟ್ಟು ಹೊರಡಿ.

ಬಾವಿಗೆ ನೀರು ಬೇಕಾದರೆ ಮನೆಯ ಮಾಡಿನ (ಛಾವಣಿಯ) ಮೇಲೇ ಇದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಸಾವಿರ ಚದರಡಿಯ ಮಾಡಿಗೆ ಬೀಳುವುದೇ ಮೂರು ಲಕ್ಷ ಲೀಟರಿಗಿಂತ ಜಾಸ್ತಿ. ಮಾಡಿನ ಅಂಚಿಗೆ ದಂಬೆ ಕಟ್ಟಿ, ಒಂದು ಡ್ರಮ್ಮಿಗೆ ಜಲ್ಲಿ, ಇದ್ದಿಲು, ಮರಳು ತುಂಬಿಸಿ, ಅದರ ಮೂಲಕ ನೀರನ್ನು ಬಾವಿಗೆ ಬಿಡಿ. ಮೊದಲ ನಾಲ್ಕೈದು ಮಳೆಯ ನೀರು ಹೊರಗೆ ಹೋಗಲಿ, ಮಾಡಿನ ಧೂಳು ತೊಳೆಯಲಿ. ತೃಶೂರು ಜಿಲ್ಲೆಯಲ್ಲಿ 2008ರಿಂದ 'ಮಳಪ್ಪೊಲಿಮ' ಎಂಬ ಹೆಸರಿನಲ್ಲಿ ಬಾವಿಗಳಿಗೆ ಹೀಗೆ ಮಾಡಿನ ನೀರು ಬಿಡುತ್ತಾ ಬಂದಿದ್ದಾರೆ. ಒಂದು ವರ್ಷಕ್ಕೇ ಬಾವಿ ತುಂಬಲಿಲ್ಲ ಎಂದು ಬೇಸರ ಮಾಡಬೇಡಿ.

ಪ್ರಶ್ನೆ: ನನ್ನ ಮಗ ಅಮೆರಿಕದ ಓಹಿಯೋದಲ್ಲಿದ್ದಾನೆ. ಅಲ್ಲಿ ಹೋಗಿದ್ದಾಗ 'ಮಣ್ಣು ಮತ್ತು ನೀರು ಸಂರಕ್ಷಣಾ ಜಿಲ್ಲೆ' ಎಂಬುದರ ವಾರ್ಷಿಕ ಸಭೆಗೆ ಕರೆದುಕೊಂಡು ಹೋಗಿದ್ದ. ರೈತರು ಊಟ ಮಾಡಿ ಓಟು ಹಾಕಿ ಹೋದರು. ಏನಿದು? ನಮ್ಮಲ್ಲಿ ಯಾಕಿಲ್ಲ?
– ನಿವೃತ್ತ ಅಧ್ಯಾಪಕರು, ಮುಳ್ಳೇರಿಯ

ಮಾಸ್ಟ್ರೇ, ಒಳ್ಳೆ ಊಟ ಸಿಕ್ಕಿರಬೇಕು, ಪತ್ರದಲ್ಲಿ ಅದಕ್ಕೇ ಅರ್ಧ ಪುಟ ಕೊಟ್ಟಿದ್ದೀರಿ.

1930ರ ದಶಕದಲ್ಲಿ ಅಲ್ಲಿನ ಬಯಲು ಸೀಮೆಯ ಮಣ್ಣು ಧೂಳಾಗಿ ಎದ್ದು ಹಾರಿತು. ಹುಲ್ಲುಗಾವಲನ್ನೆಲ್ಲ ಉತ್ತು ಬರಿದು ಮಾಡಿದ್ದರು, ಮೇಲಿಂದ ಬರ. ಹ್ಯೂ ಹ್ಯಾಮಂಡ್ ಬೆನೆಟ್ ಎಂಬ ಮಣ್ಣಿನ ತಜ್ಞರು ಕಾನೂನು ಬೇಕು ಅಂತ ಹಟ ಹಿಡಿದರು. ಅವರು ಸಂಸತ್ತಿನವರ ಮುಂದೆ ಮಾತಾಡುತ್ತಿರುವಾಗಲೇ ಆ ಧೂಳು ರಾಜಧಾನಿ ವಾಷಿಂಗ್ಟನ್ನಿನ ಆಕಾಶಕ್ಕೂ ಬಂತು ಎಂದು ಕಥೆ ಹೇಳುತ್ತಾರೆ. 1935ರ ಏಪ್ರಿಲಿನಲ್ಲಿ ಕಾನೂನು ಬಂತು. ಮೇಲಿನಿಂದ ಅಧಿಕಾರಿ ಬಂದು ಹೇಳಿದರೆ ರೈತ ಕೇಳುವುದಿಲ್ಲ, ರೈತರದ್ದೇ ಸಮಿತಿ ಇರಲಿ ಅಂತ ಯೋಚಿಸಿ 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳಿಗೆ ಪತ್ರ ಬರೆದರು. ಮೊದಲ ಜಿಲ್ಲೆ ಅದೇ ವರ್ಷ ನಾರ್ತ್ ಕೆರೊಲಿನಾದ ಬ್ರೌನ್ ಕ್ರೀಕಿನಲ್ಲಿ ಶುರುವಾಯಿತು. ಈಗ ಆ ದೇಶದಲ್ಲಿ ಸುಮಾರು ಮೂರು ಸಾವಿರ ಇವೆ. ಓಹಿಯೋದ 88 ಕೌಂಟಿಗೂ ಒಂದೊಂದು, ಪ್ರತಿಯೊಂದಕ್ಕೂ ಊರವರೇ ಆರಿಸಿದ ಐದು ಜನ. ನೀವು ನೋಡಿದ್ದು ಆ ಓಟು.

ವರ್ಷವಿಡೀ ಅವರ ಕೆಲಸ ಭಾರೀ ದೊಡ್ಡದೇನಲ್ಲ. ವಸಂತ ಬಂದಾಗ ಕಡಿಮೆ ಬೆಲೆಗೆ ಮರದ ಸಸಿ ಮಾರುತ್ತಾರೆ. ಕೆಲವು ಕಡೆ ಕೆರೆಗೆ ಬಿಡುವ ಮೀನಿನ ಮರಿಯನ್ನೂ. ಉಳುಮೆ ಮಾಡದೆ ಬಿತ್ತುವ ಯಂತ್ರ ಬಾಡಿಗೆಗೆ ಕೊಡುತ್ತಾರೆ. ಹೊಲಕ್ಕೆ ಬಂದು ನೀರು ಎಲ್ಲಿ ಕೊರೆಯುತ್ತಿದೆ ಅಂತ ನೋಡಿ ಹೇಳುತ್ತಾರೆ. ಶಾಲೆ ಮಕ್ಕಳಿಗೆ ಚಿತ್ರ ಬಿಡಿಸುವ ಸ್ಪರ್ಧೆ.

ನಮ್ಮಲ್ಲಿ ಇಲ್ಲ ಅಂತ ಹೇಗೆ ಹೇಳುವುದು? ರಾಜ್ಯದ ಮಣ್ಣು ಸಂರಕ್ಷಣಾ ಇಲಾಖೆ ಇದೆ, ಪಂಚಾಯತಿಗೊಂದು ಕೃಷಿ ಭವನ ಇದೆ, ಜಲಾನಯನ ಕೆಲಸ ಬಂದಾಗ ಫಲಾನುಭವಿಗಳ ಸಮಿತಿ ಮಾಡುತ್ತೇವೆ. ಆ ಸಮಿತಿ ಕೆಲಸ ಮುಗಿದ ದಿನವೇ ಮುಗಿಯುತ್ತದೆ, ಅದು ನಿಜ. ಗ್ರಾಮಸಭೆಯಲ್ಲೂ ಮನೆ ಸಿಗುತ್ತದಾ, ರಸ್ತೆ ಆಗುತ್ತದಾ ಎಂಬ ಮಾತೇ. ತೋಡಿನ ಬಗ್ಗೆ ಕೇಳಿದವರನ್ನು ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ಬೆರಳಲ್ಲಿ ಎಣಿಸಬಹುದು. ನಮ್ಮಲ್ಲಿ ಊಟ ಹಾಕುವುದಿಲ್ಲ ಎಂಬುದೂ ಕಾರಣ ಇರಬಹುದು, ಸಿಗುವುದು ಒಂದು ಲೋಟ ಚಾ.

ಆದರೆ ಮಾಸ್ಟ್ರೇ, ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು, ನಮ್ಮ ಕಟ್ಟ ಮರೆತಿರಾ? ಏತಡ್ಕದ ಕಡೆ ಹೋಗಿ, ತೋಡಿನ ಉದ್ದಕ್ಕೂ ಕಟ್ಟಗಳ ಸಾಲು ಇತ್ತು, ಈಗಲೂ ಕೆಲವರು ಬಿಟ್ಟಿಲ್ಲ. ತೋಡಿನ ಹರಿವು ಕಡಿಮೆಯಾಗುವ ಡಿಸೆಂಬರಿನಲ್ಲಿ ಆಚೆ ಈಚೆ ದಡದವರು ಸೇರುತ್ತಾರೆ. ಕಲ್ಲು ಜೋಡಿಸಿ, ಅಡಿಕೆ ಮರದ ಸಲಕೆ ಅಡ್ಡ ಇಟ್ಟು, ಸೊಪ್ಪು ತುಂಬಿಸಿ, ಮಣ್ಣು ಮೆಟ್ಟಿ ಕಟ್ಟುವುದು. ಈಗ ಸೊಪ್ಪಿನ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ. ಮಣ್ಣು ಮೆಟ್ಟುವ ಕೆಲಸ ನೋಡಲು ಚಂದ. ಹತ್ತು ಜನ ಸಾಲಾಗಿ ನಿಂತು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟು ಮೆಟ್ಟುತ್ತಾರೆ. ಎಲ್ಲಿ ಕಾಲು ಹೂಳುತ್ತದೋ ಅಲ್ಲಿ ಇನ್ನೊಂದು ಬುಟ್ಟಿ ಮಣ್ಣು. ಮೇಲಿನ ಕಟ್ಟದವರು ನೀರು ಪೂರ್ತಿ ಹಿಡಿದರೆ ಕೆಳಗಿನವರು ಬೈಯುತ್ತಾರೆ, ಬೈದು ಮತ್ತೆ ಕೂತು ಮಾತಾಡುತ್ತಾರೆ. ಮಳೆಗಾಲದ ಮೊದಲ ಬೊಳ್ಳಕ್ಕೆ (ನೆರೆಗೆ) ಕಟ್ಟ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಅದೇ ಜನ ಸೇರಲೇಬೇಕು. ಓಟು ಇಲ್ಲ, ಬೋರ್ಡು ಇಲ್ಲ. ಬೋರ್‌ವೆಲ್ ಬಂದ ಮೇಲೆ ಪಕ್ಕದವನ ಹಂಗು ಬೇಡ ಎಂದಾಯಿತು, ಕಟ್ಟ ಬಿಟ್ಟದ್ದು ಹಾಗೆ.

ಪ್ರಶ್ನೆ: ಮಣ್ಣು ಪರೀಕ್ಷೆ ಮಾಡಿಸಿದೆ. ವರದಿ ಮಲಯಾಳದಲ್ಲಿದೆ, ನನಗೆ ಓದಲು ಬರುವುದಿಲ್ಲ. ಪಿಎಚ್ ಎದುರು 4.9 ಅಂತ ಇದೆ. ಒಳ್ಳೆಯದಾ ಕೆಟ್ಟದ್ದಾ?
– ಯುವ ಕೃಷಿಕ, ಮೀಂಜ

ಹುಳಿ ಜಾಸ್ತಿ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಜೋರು ಮಳೆಗೆ ಸುಣ್ಣದ ಅಂಶ ತೊಳೆದು ಹೋಗುವ ನಮ್ಮ ಊರಿನಲ್ಲಿ 5ರ ಆಸುಪಾಸು ಸಾಮಾನ್ಯ, ಹೆದರಬೇಡಿ. ಕಂಗಿನ (ಅಡಿಕೆ ಮರದ) ಬುಡಕ್ಕೆ ಅರ್ಧ ಕಿಲೋ ಸುಣ್ಣ, ಎರಡು ಮೂರು ವರ್ಷಕ್ಕೊಮ್ಮೆ. ಹರಡಿ ಮಣ್ಣಿಗೆ ಸೇರಿಸಿ. ಸುಣ್ಣ ಹಾಕಿದ ದಿನವೇ ಗೊಬ್ಬರ ಹಾಕಬೇಡಿ, ಎರಡು ವಾರ ಆದರೂ ಬಿಡಿ. ಇಲ್ಲದಿದ್ದರೆ ಯೂರಿಯಾ ಗಾಳಿಗೆ ಹೋಗುತ್ತದೆ.

ಮಣ್ಣು ಹೇಗೆ ತೆಗೆದಿರಿ ಅಂತ ಬರೆದಿಲ್ಲ. ಒಂದೇ ಬುಡದಿಂದ ಒಂದು ಮುಷ್ಟಿ ತಂದು ಕೊಟ್ಟಿದ್ದರೆ ಆ ವರದಿ ಆ ಒಂದು ಕಂಗಿನದ್ದು ಮಾತ್ರ. ಹತ್ತು ಹದಿನೈದು ಕಡೆಯಿಂದ, ಬುಡದಿಂದ ಎರಡೂವರೆ ಅಡಿ ಬಿಟ್ಟು, ಮೇಲಿನ ತರಗೆಲೆ ಸರಿಸಿ ತೆಗೆಯಬೇಕು. ಎಲ್ಲ ಸೇರಿಸಿ ಕಲಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲು ಬಿಸಾಡಿ, ಅರ್ಧ ಕಿಲೋ ಉಳಿಯುವ ತನಕ ಹಾಗೇ ಮಾಡಿ ನೆರಳಲ್ಲಿ ಒಣಗಿಸಿ.

ಭಾಷೆಯ ವಿಷಯ. ನಾನು ಕೆಲಸದಲ್ಲಿದ್ದಾಗ ಒಂದು ಕಚೇರಿಯಿಂದ ಬರುತ್ತಿದ್ದ ಫಾರಂಗಳೆಲ್ಲ ಮಲಯಾಳ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಕನ್ನಡ ಬರೆದು ಕೊಡುತ್ತಿದ್ದೆ. ಇದು ಯಾರ ಕೆಲಸ ಎಂದು ಮೇಲಿನವರೊಬ್ಬರು ಬೈದದ್ದೂ ಉಂಟು. ಕಾಸರಗೋಡಿನ ಕನ್ನಡಿಗರಿಗೆ ಸರಕಾರಕ್ಕೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕು ಕಾನೂನಿನಲ್ಲೇ ಇದೆ. ಕೇಳಿ. ಜಗಳಕ್ಕಲ್ಲ, ಸುಮ್ನೆ ಒಂದು ಚೀಟಿ ಬರೆದು ಕೇಳಿ.

ಪ್ರಶ್ನೆ: ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಅಜ್ಜನ ಕಾಲದ ಸುರಂಗ, ಅರುವತ್ತು ಕೋಲು ಉದ್ದ. ಮೊದಲು ವರ್ಷವಿಡೀ ಕೈಬೆರಳು ದಪ್ಪ ನೀರು ಬರುತ್ತಿತ್ತು. ಈಗ ಫೆಬ್ರವರಿಗೆ ನೂಲಿನಂತೆ. ಇನ್ನೂ ಒಳಗೆ ಕೊರೆಸಿದರೆ ಹೇಗೆ?
– ಓದುಗರು, ಬಾಯಾರು

ಅರುವತ್ತು ಕೋಲು ಅಂದರೆ ನೂರೈವತ್ತು ಅಡಿ. ನಿಮ್ಮ ಅಜ್ಜನ ಕಾಲದಲ್ಲಿ ಚಿಮಿಣಿ ದೀಪ ಇಟ್ಟುಕೊಂಡು, ಪಿಕ್ಕಾಸಿನಲ್ಲಿ, ಕೂತುಕೊಂಡೇ ಕೊರೆದದ್ದು ಅದು. ಸುರಂಗ ಕೊರೆಯುವ ಹಳೆಯ ಕೈಗಳು ಈಗ ಕಡಿಮೆ. ಗೊತ್ತಿಲ್ಲದವರನ್ನು ಒಳಗೆ ಕಳಿಸಬೇಡಿ, ಕುಸಿಯುವ ಭಯ ಒಂದು, ಉಸಿರಿಗೆ ಗಾಳಿ ಸಾಲದ ಭಯ ಇನ್ನೊಂದು.

ಕೊರೆಸುವ ಮೊದಲು ಮೇಲೆ ಹತ್ತಿ ನೋಡಿ ಬನ್ನಿ. ಸುರಂಗದ ನೀರು ಸುರಂಗದ್ದಲ್ಲ, ಮೇಲಿನ ಪದವಿನದ್ದು (ಗುಡ್ಡೆ ತಲೆಯ ಬಯಲಿನದ್ದು). ಕಾಡು ಕಡಿದು ರಬ್ಬರ್ ಹಾಕಿದರಾ? ಕಲ್ಲಿನ ಕೋರೆ ಬಂದಿದೆಯಾ? ಸುತ್ತಮುತ್ತ ಎಷ್ಟು ಬೋರ್ ಆಗಿದೆ? ಮೇಲೆ ಇಂಗದಿದ್ದರೆ ನೀವು ನೂರು ಕೋಲು ಕೊರೆದರೂ ಅದೇ ನೀರನ್ನು ಬೇಗ ಖಾಲಿ ಮಾಡುತ್ತೀರಿ, ಅಷ್ಟೇ.

ಪದವು ಸಮತಟ್ಟಾಗಿದ್ದರೆ ಅಲ್ಲಿ ಇಂಗುಗುಂಡಿ ಮಾಡಬಹುದು, ಅಂಚಿನಿಂದ ದೂರ. ಬದಿಯಡ್ಕದ ಅಮ್ಮನಿಗೆ ಬೇಡ ಅಂದವನು ನಿಮಗೆ ಮಾಡಿ ಅನ್ನುತ್ತಿದ್ದೇನೆ, ಗೊಂದಲ ಬೇಡ. ಅವರದ್ದು ಬರೆ, ಇದು ಪದವು. ಹಳೆ ಮದಕ (ಮಳೆನೀರು ನಿಲ್ಲುವ ಕೆರೆ) ಇದ್ದರೆ ಅದರ ಹೂಳು ತೆಗೆಸಿ, ಎಲ್ಲಕ್ಕಿಂತ ಒಳ್ಳೆಯದು. ಪದವು ನಿಮ್ಮದಲ್ಲ, ಬೇರೆಯವರದ್ದು ಅಂತ ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಹಾಗಾದರೆ ಮೊದಲ ಕೆಲಸ ಅವರ ಮನೆಗೆ ಹೋಗುವುದು. ಒಂದು ಗೊನೆ ಕದಳಿ ಹಿಡಿದುಕೊಂಡು ಹೋಗಿ.

ಪ್ರಶ್ನೆ: ಗುಡ್ಡೆಗೆ ಕಳೆನಾಶಕ ಬಿಟ್ಟರೆ ಖರ್ಚು ಕಡಿಮೆ. ತಪ್ಪೇನು?
– ಹೆಸರು ಬೇಡ, ವರ್ಕಾಡಿ

ಹೆಸರು ಬೇಡ ಅಂದಾಗಲೇ ನಿಮಗೆ ಗೊತ್ತಿದೆ. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೇರಳ 2019ರಲ್ಲೇ ನಿಷೇಧಿಸಿದೆ. ಗಡಿ ದಾಟಿ ತಂದರೂ ನಿಮ್ಮ ಗುಡ್ಡೆ ಇರುವುದು ಈಚೆಯೇ. ಮಣ್ಣಿನ ಲೆಕ್ಕದಲ್ಲೂ ನಷ್ಟ. ಹುಲ್ಲಿನ ಬೇರು ಸತ್ತ ಇಳಿಜಾರಿಗೆ ಜೂನ್ ಮಳೆ ಬಿದ್ದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಯಂತ್ರದಲ್ಲಿ ನಾಲ್ಕು ಇಂಚು ಬಿಟ್ಟು ಸವರಿ, ಕತ್ತರಿಸಿದ್ದನ್ನು ಅಲ್ಲೇ ಹಾಸಿ.

ಪ್ರಶ್ನೆ: ಕಣಿ ತೆಗೆಯಲು ಜೆಸಿಬಿ ಸಿಗುವುದು ಫೆಬ್ರವರಿಯಲ್ಲಿ, ಸರಿಯಾಗಿ ಕೆಡ್ಡಸದ ಎರಡನೇ ದಿನ. ಅಮ್ಮ ಬಿಡುವುದಿಲ್ಲ. ಭೂಮಿಗೆ ಪಿಕ್ಕಾಸು ತಾಗಿಸಬಾರದು ಅನ್ನುತ್ತಾರೆ. ನೀವಾದರೂ ಹೇಳಿ.
– ಓದುಗರು, ಕುಂಬ್ಡಾಜೆ

ಅಮ್ಮನ ಮಾತು ಕೇಳಿ. ಭೂಮಿತಾಯಿ ಮುಟ್ಟಾಗಿ ಮೂರು ದಿನ ಹೊರಗೆ ಕೂರುವ ಹಬ್ಬ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ನನ್ನ ಕಾರಣ ಬೇರೆ ಇದೆ. ಅಷ್ಟು ಹೊತ್ತಿಗೆ ಮುರಮಣ್ಣು ಒಣಗಿ ಸಿಮೆಂಟಿನಂತಾಗಿರುತ್ತದೆ. ಜೆಸಿಬಿ ಕಣಿ ತೆಗೆಯುವುದಿಲ್ಲ, ಹೆಂಟೆ ಕೀಳುತ್ತದೆ. ಗಂಟೆ ಲೆಕ್ಕ ಏರುತ್ತದೆ. ಕಿತ್ತ ಹೆಂಟೆ ಏರಿಯಲ್ಲಿ ಒಂದಕ್ಕೊಂದು ಅಂಟುವುದಿಲ್ಲ, ಮೊದಲ ಮಳೆಗೆ ಹೋಗುತ್ತದೆ. ಮಣ್ಣು ಇನ್ನೂ ಮೆತ್ತಗಿರುವ ಈಗಲೇ ನಾಲ್ಕು ಜನ ಹಿಡಿದು ಕೈಯಲ್ಲೇ ಶುರು ಮಾಡಿ. ಜೆಸಿಬಿಗೆ ಕಾಯಬೇಡಿ. ಕೆಡ್ಡಸದ ಮೊದಲು ಮುಗಿಯದಿದ್ದರೆ ಉಳಿದದ್ದು ಬರುವ ವರ್ಷಕ್ಕೆ.

ಆ ಮೂರು ದಿನ ಪೈಪು ಹಿಡಿದು ಗುಡ್ಡೆಯಲ್ಲಿ ಗೆರೆ ಗುರುತು ಮಾಡಬಹುದು, ಗೂಟದ ಬದಲು ಸುಣ್ಣದ ಹುಡಿ ಹಾಕಿದರೆ ಭೂಮಿಗೆ ನೋವಿಲ್ಲ. ಅಮ್ಮನಲ್ಲಿ ಕೇಳಿ ನೋಡಿ, ಒಪ್ಪುತ್ತಾರೆ. ಹಬ್ಬದ ತಿಂಡಿ ನನ್ಯರಿ ಹುಡಿ ಮಾಡಿದರೆ ನನಗೂ ಎರಡು ಮುಷ್ಟಿ ಕಳಿಸಿ, ಬೆಲ್ಲ ಸ್ವಲ್ಪ ಜಾಸ್ತಿ ಇರಲಿ.